ಅಕ್ಕ ಎಂಬ ಎರಡಕ್ಷರ

ಕಳೆದ ವರ್ಷ ನಮ್ಮ ತಂಡಕ್ಕೆ ಧಾರವಾಡದ ಹುಡುಗಿಯೊಬ್ಬಳು ಸೇರಿದಳು. ಪುಣೆಯ ಆಫೀಸಿನಲ್ಲಿ ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರೆ. ಇವಳು ಮಾತ್ರ ಮೊದಲ ದಿನವೇ ನನ್ನನ್ನು 'ಅಕ್ಕಾ' ಎಂದಳು. ಮೂವತ್ತಾರಕ್ಕೇ ನನಗೆ ವಯಸ್ಸಾಯಿತೇ ಎಂದು ಒಳಗೊಳಗೇ ಕಸಿವಿಸಿ. ಅದೇ ವಾರ ಒಂದು ಕಾಲ್‌ನಲ್ಲಿ ಅವಳು ಹಾಗೆ ಕರೆದಾಗ ಫಿನ್‌ಲ್ಯಾಂಡಿನ ಸಹೋದ್ಯೋಗಿ ನಕ್ಕರು. ಅವರ ಭಾಷೆಯಲ್ಲಿ 'ಅಕ್ಕ' ಎಂದರೆ ಮುದುಕಿ. ಅದೂ ಗೌರವದ ಮಾತಲ್ಲ! ಅಂದಿನಿಂದ ಈ ಪದದ ಬೆನ್ನು ಹತ್ತಿದೆ.

ಕನ್ನಡ, ತೆಲುಗು, ತಮಿಳುಗಳಲ್ಲಿ ಅಕ್ಕ ನಮಗಿಂತ ಮೊದಲು ಹುಟ್ಟಿದವಳು. ನಮ್ಮ ಸುತ್ತಲಿನ ಮರಾಠಿ ಮನೆಗಳಲ್ಲೂ 'ಅಕ್ಕಾ' ಇದ್ದಾಳೆ. ಸಂಸ್ಕೃತದಲ್ಲಿ ಇದೇ ಪದಕ್ಕೆ ತಾಯಿ ಎಂಬ ಅರ್ಥ. ಸಂಸ್ಕೃತವು ದ್ರಾವಿಡದಿಂದ ಪಡೆದ ಪದಗಳ ಪಟ್ಟಿಯೊಂದನ್ನು ರಾಬರ್ಟ್ ಕಾಲ್ಡ್‌ವೆಲ್ 1856ರ ತಮ್ಮ ವ್ಯಾಕರಣ ಗ್ರಂಥದಲ್ಲಿ ಕೊಟ್ಟಿದ್ದಾರೆ. ಅದರಲ್ಲಿ 'ಅಕ್ಕ'ಳೂ ಇದ್ದಾಳೆ.

ದೂರದ ರೋಮಿನಲ್ಲೂ ಒಬ್ಬಳಿದ್ದಳು. ಅಲ್ಲಿನ ಪುರಾಣದಲ್ಲಿ ರೊಮುಲಸ್, ರೆಮಸ್ ಎಂಬ ಅವಳಿ ಮಕ್ಕಳನ್ನು ಸಾಕಿದ ತಾಯಿ ಅಕ್ಕಾ ಲಾರೆಂಟಿಯಾ. ಸಾಹಿತ್ಯಕ್ಕೆ ನೊಬೆಲ್ ಪಡೆದ ಮೊದಲ ಮಹಿಳೆ, ಸ್ವೀಡನ್ನಿನ ಸೆಲ್ಮಾ ಲಾಗರ್‌ಲೋಫ್. ಅವರ 1906ರ ಮಕ್ಕಳ ಕಥೆಯಲ್ಲಿ ಕಾಡು ಬಾತುಗಳ ದಂಡನ್ನು ಮುನ್ನಡೆಸುವ ಹಿರಿಯ ಹಕ್ಕಿಯ ಹೆಸರೂ ಅಕ್ಕ!

ಹಾಗಾದರೆ ಇವೆಲ್ಲ ಒಂದೇ ಬೇರಿನವೇ? ಹಾಗೆ ಹೇಳಲಾಗದು. ಅಮ್ಮ, ಅಪ್ಪ, ಅಕ್ಕನಂಥ ಪದಗಳು ಮಕ್ಕಳ ತೊದಲು ನುಡಿಗೆ ಹತ್ತಿರದವು. ಸಂಬಂಧವಿಲ್ಲದ ಭಾಷೆಗಳಲ್ಲೂ ಅವು ತಮ್ಮಷ್ಟಕ್ಕೆ ಹುಟ್ಟಬಲ್ಲವು. ಸದ್ದು ಹೊಂದಿದ ಮಾತ್ರಕ್ಕೆ ನೆಂಟಸ್ತಿಕೆ ಕಟ್ಟಲಾಗದು.

ಆದರೆ ಕನ್ನಡ ಈ ಪದವನ್ನು ಏರಿಸಿದ ಎತ್ತರ ಬೇರೆಯೇ. 12ನೇ ಶತಮಾನದಲ್ಲಿ ಉಡುತಡಿಯ ಮಹಾದೇವಿ ಕಲ್ಯಾಣಕ್ಕೆ ಬಂದಾಗ ಇನ್ನೂ ಎಳೆಯ ಹೆಣ್ಣು ಎನ್ನುತ್ತದೆ ಪರಂಪರೆ. ಆದರೂ ಅಲ್ಲಮ, ಬಸವಣ್ಣರಂಥವರ ನಡುವೆ ಆಕೆ 'ಅಕ್ಕ' ಎನಿಸಿದರು. ಅದು ವಯಸ್ಸಿಗೆ ಕೊಟ್ಟ ಹೆಸರಲ್ಲ, ಅರಿವಿಗೆ ಸಂದ ಹಿರಿತನ.

ನಮ್ಮ ಹುಡುಗಿ ಆ ನಗುವಿನ ನಂತರ ಮುಜುಗರಪಟ್ಟು 'ಮ್ಯಾಡಮ್' ಎನ್ನತೊಡಗಿದ್ದಳು. ಒಂದು ದಿನ ಚಹಾ ಕುಡಿಯುವಾಗ ಇದನ್ನೆಲ್ಲ ಅವಳಿಗೆ ಹೇಳಿ, "ಅಕ್ಕ ಅಂತಾನೇ ಕರಿಯಮ್ಮ" ಎಂದೆ. ಆ ಹೆಸರಿಗೆ ತಕ್ಕ ಹಾಗೆ ನಡೆದುಕೊಳ್ಳುವುದು ಈಗ ನನ್ನ ಪಾಲಿನ ಕೆಲಸ.