ಗಡಿಯಾಚೆಯ ಅಕ್ಷರ, ಗಡಿಯೀಚೆಯ ಮಕ್ಕಳು

ಕಾಸರಗೋಡಿನ ಓದುಗರಿಗೆ ನಮ್ಮ ನ್ಯಾಲ್ಕಲ್ ದೂರದ ಊರು. ಆದರೂ ನಮ್ಮಿಬ್ಬರ ಚರಿತ್ರೆಯಲ್ಲಿ ಒಂದೇ ದಿನಾಂಕವಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಬೀದರ ತಾಲೂಕಿನ ನ್ಯಾಲ್ಕಲ್ ಸರ್ಕಲ್, ಜಹೀರಾಬಾದಿನ ಬಹುಭಾಗ, ನಾರಾಯಣಖೇಡ, ಗುಲಬರ್ಗಾ ಜಿಲ್ಲೆಯ ತಾಂಡೂರು ಆಂಧ್ರಪ್ರದೇಶಕ್ಕೆ ಹೋದವು. 2014ರಿಂದ ನಾವು ತೆಲಂಗಾಣದವರು.

ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು, ಆಮೇಲೆ ತೆಲುಗು. ಕನ್ನಡ ನಮ್ಮ ಮನೆಯ ಮಾತಾಗಿ ಉಳಿಯಿತು. ನಾನು ಚಿಕ್ಕವನಿದ್ದಾಗ ಕನ್ನಡ ಪುಸ್ತಕ ಬೇಕೆಂದರೆ ಬೀದರದ ಬಸ್ಸು ಹತ್ತಬೇಕಿತ್ತು.

1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡ ಲಿಪಿಗೆ ಜಾಗ ಸಿಕ್ಕಿತು. ಅದರ ಫಲವಾಗಿ ಇಂದು ಯಾವ ಫೋನಿನಲ್ಲೂ ಕನ್ನಡ ಮೂಡುತ್ತದೆ; ಕರ್ನಾಟಕದ ಪಠ್ಯಪುಸ್ತಕಗಳು ಅಂತರಜಾಲದಲ್ಲಿ ಪುಕ್ಕಟೆ ದೊರೆಯುತ್ತವೆ. ಗಡಿರೇಖೆ ಅವನ್ನು ತಡೆಯಲಾರದು.

ಆದರೆ ಯಂತ್ರ ತಾನಾಗಿ ಭಾಷೆಯನ್ನು ಆರಿಸುವುದಿಲ್ಲ. 2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿದಾಗ ಕೇರಳದಲ್ಲಿ ಜೂನ್ 1ರಿಂದ ವಿಕ್ಟರ್ಸ್ ವಾಹಿನಿಯ ಪಾಠಗಳು ಆರಂಭವಾದವು. ನಿಮ್ಮ ಮಕ್ಕಳಿಗೆ ಕನ್ನಡದಲ್ಲೂ ಪಾಠಗಳು ಬಂದವು. ನಮ್ಮಲ್ಲಿ ಸೆಪ್ಟೆಂಬರ್ 1ರಿಂದ ದೂರದರ್ಶನದಲ್ಲೂ ಟಿ-ಸ್ಯಾಟ್‌ನಲ್ಲೂ ಪಾಠ ನಡೆಯಿತು. ನನ್ನ ಮೊಮ್ಮಗಳು ಕೇಳಿದ್ದು ತೆಲುಗು ಪಾಠ.

ಸಂಜೆ ಅದೇ ಫೋನಿನಲ್ಲಿ ಕನ್ನಡದ ಒಂದನೇ ತರಗತಿ ಪುಸ್ತಕ ತೆರೆದೆ. "ಮುತ್ಯಾ, ಇದು ತೆಲುಗಿನ 'ರ' ಇದ್ದಂಗೇ ಅದ!" ಎಂದಳು. ಹೌದು, ಎರಡೂ ಲಿಪಿಗಳು ಅಕ್ಕತಂಗಿಯರು. ತಲಕಟ್ಟಿನ ವ್ಯತ್ಯಾಸ ತೋರಿಸಿದ ಮೇಲೆ ಅರ್ಧ ದಾರಿ ಅವಳೇ ನಡೆದಳು.

ಪುಸ್ತಕವನ್ನು ಫೋನು ತಂದಿತು. ಪಕ್ಕದಲ್ಲಿ ಕೂತು ಬೆರಳಿಟ್ಟು ಓದಿಸುವ ಕೆಲಸ ಮಾತ್ರ ಇನ್ನೂ ನಮ್ಮದೇ. ಆ ಅರ್ಧ ಗಂಟೆ ತಪ್ಪಿದರೆ, 1956ರ ಗಡಿ ಮನೆಯೊಳಗೂ ಬಂದೀತು.