ಹಾಯಿಹಡಗಿನಿಂದ ಎರೆನೆಲಕ್ಕೆ: ಕನ್ನಡ ನಾಡಿನ ಕುದುರೆ ಸಾಗಾಟ

ದಖ್ಖನಿನ ಅರಸರ ಲಾಯಗಳಲ್ಲಿದ್ದ ಉತ್ತಮ ಯುದ್ಧಕುದುರೆಗಳು ಹೆಚ್ಚಾಗಿ ಈ ನೆಲದಲ್ಲಿ ಹುಟ್ಟಿದವಲ್ಲ. ಅರೇಬಿಯಾ, ಪರ್ಷಿಯಾಗಳ ತೇಜಿಗಳು ಹೊರ್ಮುಜ್ ಬಂದರಿನಲ್ಲಿ ಹಡಗು ಹತ್ತಿ ಗೋವೆ, ಹೊನ್ನಾವರ, ಭಟ್ಕಳಗಳಲ್ಲಿ ಇಳಿಯುತ್ತಿದ್ದವು. ಅಲ್ಲಿಂದ ಘಟ್ಟ ಹತ್ತಿ ಬಯಲುಸೀಮೆಗೆ ಬರಬೇಕು. ಗೋವೆಯಿಂದ ವಿಜಯನಗರಕ್ಕೆ ಹೋಗುವ ದಾರಿಯ ಮೇಲೆ ಬಂಕಾಪುರವಿತ್ತು. ಬಂಕಾಪುರದಿಂದ ಹಂಪಿಯತ್ತ ಪೂರ್ವಕ್ಕೆ ಹೊರಟವರಿಗೆ ಎದುರಾಗುವುದು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆ. ಅದರ ಆಚೆ ತುಂಗಭದ್ರೆ. ಈ ಗದಗ ಪ್ರಾಂತದ ವೀರಗಲ್ಲುಗಳಲ್ಲಿ ಕುದುರೆಯ ಮೇಲೆ ಕತ್ತಿ ಎತ್ತಿದ ರಾವುತರು ಕಾಣುತ್ತಾರೆ. ಅಂಥ ಕುದುರೆಯೊಂದು ಬೆದರದೆ, ಕಾಲು ಮುರಿಯದೆ, ಹೊಟ್ಟೆಶೂಲೆಯಿಂದ ಸಾಯದೆ ಇಷ್ಟು ದೂರ ತಲುಪಿದ್ದೇ ಒಂದು ದೊಡ್ಡ ಕಸುಬಿನ ಫಲ.

ಈ ವ್ಯಾಪಾರ ವಿಜಯನಗರಕ್ಕಿಂತ ಹಳೆಯದು. ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘವನ್ನು ಹೊಗಳುವ 1054ರ ಶಿಕಾರಿಪುರದ ಶಾಸನ ಅವರ ಸರಕುಗಳಲ್ಲಿ ಆನೆ, ಜಾತಿಕುದುರೆ, ರತ್ನಗಳನ್ನು ಹೆಸರಿಸುತ್ತದೆ. ನೆಲದ ದಾರಿ, ನೀರಿನ ದಾರಿ ಎರಡರಲ್ಲೂ ಅವರು ಸಂಚರಿಸುತ್ತಿದ್ದರು. ಗದಗಿನ ಪಕ್ಕದ ಲಕ್ಕುಂಡಿ ಆ ಕಾಲದ ಟಂಕಸಾಲೆಯ ಊರು. ಲೊಕ್ಕಿ ಗದ್ಯಾಣ ಅಲ್ಲಿನ ನಾಣ್ಯ. ಈ ಸೀಮೆಯನ್ನೆಲ್ಲ ಆಳಿದ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ತಳಿ, ಲಕ್ಷಣ, ಪಳಗಿಸುವಿಕೆಗಳಿಗೂ ಕುದುರೆ ಏರಿ ಆಡುವ ಚೆಂಡಾಟಕ್ಕೂ ಜಾಗ ಕೊಟ್ಟಿದ್ದಾನೆ. ಕುದುರೆಗೂ ಸ್ವಭಾವವಿದೆ, ಅದನ್ನು ಅರಿತು ನಡೆಸಬೇಕೆಂಬ ತಿಳಿವಳಿಕೆ ನಾಡಿನಲ್ಲಿ ಅಷ್ಟು ಹಿಂದೆಯೇ ಬೇರೂರಿತ್ತು.

ಸಾಗಾಟದಲ್ಲಿ ಕುದುರೆ ಕೆರಳುವುದಕ್ಕೆ ಕಾರಣ ಹಟವಲ್ಲ, ಭಯ. ಹುಲ್ಲುಗಾವಲಿನಲ್ಲಿ ಹಿಂಡಾಗಿ ಬಾಳುವ ಪ್ರಾಣಿ ಅದು. ಅಪಾಯ ಕಂಡರೆ ಓಡುವುದೇ ಅದರ ರಕ್ಷಣೆ. ಓಡಲು ಜಾಗವಿಲ್ಲದಾಗ ಒದೆಯುತ್ತದೆ, ಕಚ್ಚುತ್ತದೆ, ಮುಂಗಾಲೆತ್ತಿ ನಿಲ್ಲುತ್ತದೆ. ತಲೆಯ ಎರಡು ಪಕ್ಕದಲ್ಲಿ ಕಣ್ಣಿರುವುದರಿಂದ ಸುತ್ತಲಿನದು ಬಹುಪಾಲು ಕಾಣುತ್ತದೆ, ನೇರ ಬೆನ್ನ ಹಿಂದಿನದು ಕಾಣುವುದಿಲ್ಲ. ಕಾಲ ಕೆಳಗಿನ ನೆಲ ಅಲುಗಾಡಿದರೆ ಮೈಯೆಲ್ಲ ಬಿಗಿಹಿಡಿದು ನಿಲ್ಲಬೇಕಾಗುತ್ತದೆ. ವಾಂತಿ ಮಾಡುವ ಶಕ್ತಿ ಕುದುರೆಗಿಲ್ಲದ ಕಾರಣ ಹೊಟ್ಟೆ ಕೆಟ್ಟರೆ ಪ್ರಾಣಕ್ಕೇ ಬರುತ್ತದೆ. ತಲೆಯನ್ನು ಬಹಳ ಹೊತ್ತು ಎತ್ತರಕ್ಕೆ ಕಟ್ಟಿದರೆ ಉಸಿರುನಾಳದ ಕಫ ಕೆಳಗಿಳಿಯದೆ ಶ್ವಾಸಕೋಶಕ್ಕೆ ರೋಗ ತಗಲುತ್ತದೆ.

ಅಂದಿನ ಹಡಗುಗಳಲ್ಲಿ ಇಂಥ ಜೀವಿಗೆ ಸಿಗುತ್ತಿದ್ದ ಜಾಗ ಹೇಗಿತ್ತೆಂಬುದನ್ನು 13ನೆಯ ಶತಮಾನದ ಕೊನೆಯಲ್ಲಿ ಬಂದ ಮಾರ್ಕೊ ಪೋಲೊ ಬರೆದಿದ್ದಾನೆ. ಹೊರ್ಮುಜಿನ ಹಡಗುಗಳಲ್ಲಿ ಸರಕು ತುಂಬಿ, ಅದರ ಮೇಲೆ ಚರ್ಮ ಹೊದಿಸಿ, ಆ ಚರ್ಮದ ಮೇಲೆಯೇ ಕುದುರೆಗಳನ್ನು ನಿಲ್ಲಿಸುತ್ತಿದ್ದರು. ತಮಿಳು ಕರಾವಳಿಯ ಅರಸರು ವರ್ಷಕ್ಕೆ ಸಾವಿರಗಟ್ಟಲೆ ಕೊಂಡರೂ ವರ್ಷದ ಕೊನೆಗೆ ಉಳಿಯುತ್ತಿದ್ದವು ಕೆಲವೇ. ಕುದುರೆ ನೋಡಿಕೊಳ್ಳಲು ಬಲ್ಲವರಿಲ್ಲದ್ದೇ ಅದಕ್ಕೆ ಕಾರಣವೆಂದು ಅವನ ಎಣಿಕೆ. ಸುಮಾರು 1469ರಲ್ಲಿ ರಷ್ಯದ ವರ್ತಕ ಅಫನಾಸಿ ನಿಕಿಟಿನ್ ಒಂದೇ ಒಂದು ಗಂಡುಕುದುರೆಯನ್ನು ಹಡಗಿನಲ್ಲಿ ಜೊತೆಗಿಟ್ಟುಕೊಂಡು ಆರು ವಾರ ಪಯಣಿಸಿ ಚೌಲ್ ಬಂದರಿಗೆ ಬಂದ. ಅದನ್ನು ಬೀದರಿನವರೆಗೂ ಕರೆತಂದು ಮಾರಿದ. ಈ ನಾಡಿನಲ್ಲಿ ಕುದುರೆಗೆ ಕಾಳು ತಿನ್ನಿಸುತ್ತಾರೆ, ಸಕ್ಕರೆ ಎಣ್ಣೆ ಹಾಕಿದ ಕಿಚಡಿ ಬೇಯಿಸಿಕೊಡುತ್ತಾರೆ ಎಂದು ಅವನು ಗುರುತು ಹಾಕಿಕೊಂಡಿದ್ದಾನೆ. ಆಳಂದದ ಜಾತ್ರೆಗೆ 20,000 ಕುದುರೆಗಳು ಬರುತ್ತಿದ್ದವೆಂಬುದೂ ಅವನ ಬರಹವೇ. ಮಾಲೀಕನೇ ಜೊತೆಗಿದ್ದ ಆ ಒಂಟಿ ಕುದುರೆ ಸಮುದ್ರವನ್ನೂ ಘಟ್ಟವನ್ನೂ ದಾಟಿ ಬದುಕಿತು. ಸರಕಿನ ಮೇಲೆ ಸಾಲಾಗಿ ಕಟ್ಟಿಸಿಕೊಂಡವುಗಳಿಗೆಲ್ಲ ಆ ಭಾಗ್ಯ ಇರಲಿಲ್ಲ.

ದಾರಿಯಲ್ಲಿ ಸತ್ತ ಕುದುರೆಯ ನಷ್ಟ ಯಾರದು ಎಂಬ ಪ್ರಶ್ನೆಗೆ ವಿಜಯನಗರ ಕಂಡುಕೊಂಡ ಉತ್ತರ ಚರಿತ್ರೆಯಲ್ಲಿ ಅಪರೂಪದ್ದು. ಪೋರ್ಚುಗೀಸ್ ಕುದುರೆ ವರ್ತಕ ನುನಿಜ್ ಹೇಳುವಂತೆ ಅರಸ ಸಾಳುವ ನರಸಿಂಹ ಮೂರು ಕುದುರೆಗೆ ಸಾವಿರ ಪರ್ದಾವು ನಾಣ್ಯದಂತೆ ಕೊಳ್ಳುತ್ತಿದ್ದ. ಸಮುದ್ರದಲ್ಲಿ ಸತ್ತವುಗಳ ಬಾಲ ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ತೆರುತ್ತಿದ್ದ. ಇದರಿಂದ ವರ್ತಕರು ಧೈರ್ಯವಾಗಿ ಹಡಗು ತುಂಬಿದರು, ಸೈನ್ಯಕ್ಕೆ ಕುದುರೆ ಬಂತು. ಆದರೆ ಹಡಗಿನಲ್ಲಿ ಕುದುರೆಗೆ ಇನ್ನೊಂದು ಮೊಳ ಜಾಗ, ಇನ್ನೊಂದು ಕೊಡ ನೀರು ಕೊಡಬೇಕೆನ್ನುವ ಒತ್ತಡವನ್ನು ಈ ಒಪ್ಪಂದ ಸಡಿಲಿಸಿತು. ಬಾಲಕ್ಕೂ ಬೆಲೆ ಸಿಗುವಲ್ಲಿ ಪ್ರಾಣಿಯ ಸಂಕಟ ಲೆಕ್ಕಕ್ಕೇ ಬರುವುದಿಲ್ಲ. ಮುಂದೆ ವಿಜಯನಗರದಲ್ಲಿ ಹೊರ್ಮುಜಿನವು, ನಾಡತಳಿಯವು ಸೇರಿ ವರ್ಷಕ್ಕೆ 13,000 ಕುದುರೆಗಳ ಖರೀದಿ ನಡೆಯುತ್ತಿತ್ತೆಂದು ನುನಿಜನೇ ಬರೆಯುತ್ತಾನೆ.

ನೆಲಕ್ಕಿಳಿದ ಮೇಲೆ ಕುದುರೆಯ ಹಣೆಬರಹ ಅದನ್ನು ಹಿಡಿದು ನಡೆಸುವವನ ಕೈಯಲ್ಲಿತ್ತು. ವಾರಗಟ್ಟಲೆ ನಿಂತೇ ಬಂದ ಕಾಲುಗಳು ಊದಿಕೊಂಡಿರುತ್ತವೆ. ಇಳಿದ ಕೂಡಲೇ ಘಟ್ಟ ಹತ್ತಿಸಿದರೆ ಕುಂಟು ಬೀಳುತ್ತವೆ. ಮಳೆಗಾಲದಲ್ಲಿ ಬಂದರುಗಳು ಮುಚ್ಚುತ್ತಿದ್ದವು, ಒಳನಾಡಿನ ಎರೆಮಣ್ಣು ಗೊರಸು ಹೂತುಹೋಗುವ ಕೆಸರಾಗುತ್ತಿತ್ತು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರ ಆಲ್ಬುಕರ್ಕ್ ಕುದುರೆ ವ್ಯಾಪಾರವನ್ನೆಲ್ಲ ಆ ಬಂದರಿಗೇ ತಿರುಗಿಸಲು ಹೊರಟಾಗ ಬಂಕಾಪುರದ ಒಡೆಯ ದೂತರನ್ನು ಕಳಿಸಿ, ವರ್ಷಕ್ಕೆ 300 ಕುದುರೆ ಒಯ್ಯಲು ಅನುಮತಿ ಕೇಳಿ ಪಡೆದ. ಬಂಕಾಪುರದಲ್ಲಿ ಜೀನು ಮಾಡುವ ನುರಿತ ಕುಶಲಕರ್ಮಿಗಳಿದ್ದರೆಂಬ ಮಾತೂ ಪೋರ್ಚುಗೀಸರ ದಾಖಲೆಯಲ್ಲಿದೆ. ಇದು ಸಣ್ಣ ಸಂಗತಿಯಲ್ಲ. ಬೆನ್ನು ಉಜ್ಜಿ ಹುಣ್ಣಾದ ಕುದುರೆ ಮುಂದಿನ ಹೆಜ್ಜೆಗೂ ಒಪ್ಪುವುದಿಲ್ಲ. ಹೊಂದುವ ಹಲ್ಲಣ, ಮೆತ್ತನೆಯ ಕಡಿವಾಣ ಇದ್ದರೆ ಅರ್ಧ ಕೆರಳಿಕೆ ತಾನಾಗಿ ಇಳಿಯುತ್ತದೆ. ಹಂಪಿಯ ಹಜಾರರಾಮ ಗುಡಿಯ ಪ್ರಾಕಾರದ ಗೋಡೆಯಲ್ಲಿ ಕುದುರೆಗಳನ್ನು ಹಿಡಿದು ಸಾಲಾಗಿ ನಡೆಸಿಕೊಂಡು ಹೋಗುವ ಆಳುಗಳಿದ್ದಾರೆ. ಅರಮನೆಯ ಕುದುರೆ ಪಡೆದ ಸವಾರನಿಗೆ ಅದರ ಜೊತೆಗೆ ಒಬ್ಬ ಕುದುರೆಯಾಳನ್ನೂ ಕೊಡುತ್ತಿದ್ದರು. ಪೋರ್ಚುಗೀಸರೊಂದಿಗಿನ 1547ರ ಒಪ್ಪಂದದಲ್ಲಿ ವಿಜಯನಗರದ ಸದಾಶಿವರಾಯನ ಸರ್ಕಾರ ಗೋವೆಗೆ ಬಂದ ಕುದುರೆಗಳೆಲ್ಲ ತನಗೇ ಸಲ್ಲಬೇಕೆಂದು ಬರೆಸಿಕೊಂಡಿತು. 1565ರಲ್ಲಿ ವಿಜಯನಗರ ಬಿದ್ದ ನಂತರ ಆ ದಾರಿಯ ಸಂಚಾರ ಸೊರಗಿತು.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಗದಗಿಗೆ ಬಂದು ಅದು ಜಂಕ್ಷನ್ ಆಯಿತು. ಕುದುರೆಯ ಪಯಣಕ್ಕೆ ಹೊಸ ಭಯಗಳು ಸೇರಿಕೊಂಡವು: ಉಗಿಬಂಡಿಯ ಸಿಳ್ಳು, ಕತ್ತಲ ವ್ಯಾಗನ್ನು, ಬೋಗಿಗಳು ಒಂದಕ್ಕೊಂದು ತಾಗುವ ಧಕ್ಕೆ. ರೈಲು ಮತ್ತು ಹಡಗು ಎರಡರ ಪರೀಕ್ಷೆಯೂ ಮೊದಲ ಮಹಾಯುದ್ಧ ಶುರುವಾದ 1914ರಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಗೆ ಎದುರಾಯಿತು. ಬೆಂಗಳೂರು ಬಿಟ್ಟ ಪಡೆ ಮುಂಬಯಿಯಲ್ಲಿ ಹಡಗು ಹತ್ತಿ ಸುಯೆಜ್ ಸೇರಿತು. 1918ರ ಸೆಪ್ಟೆಂಬರ್ 23ರಂದು ಹೈಫಾದ ಮೇಲೆ ದಾಳಿಯಿಟ್ಟಿತು. ಇಂಥ ಪಡೆಯಲ್ಲಿ ಕುದುರೆ, ಸವಾರ, ಕುದುರೆಯಾಳು ಒಟ್ಟಿಗೇ ಪಯಣಿಸುತ್ತಿದ್ದರು. ಪರಿಚಿತ ವಾಸನೆ, ಪರಿಚಿತ ದನಿ ಪಕ್ಕದಲ್ಲೇ ಇರುತ್ತಿದ್ದವು. ಹಗ್ಗ, ಕಣ್ಣುಕಾಪುಗಳಿಗಿಂತ ಈ ಒಡನಾಟವೇ ಕುದುರೆಯನ್ನು ಹೆಚ್ಚು ಸಮಾಧಾನದಲ್ಲಿಡುತ್ತದೆ.

ಸ್ವತಂತ್ರ ಭಾರತದಲ್ಲಿ ಈ ಅನುಭವ ಕಾನೂನಿನ ರೂಪ ಪಡೆಯಿತು. 1978ರ ಪ್ರಾಣಿ ಸಾಗಾಟ ನಿಯಮಗಳ ಪ್ರಕಾರ ಕುದುರೆ ಪ್ರಯಾಣಕ್ಕೆ ಯೋಗ್ಯವೆಂದು ಪಶುವೈದ್ಯರು ಪ್ರಮಾಣಪತ್ರ ಕೊಡಬೇಕು. ಹೊರಡುವ ಮೊದಲು ಮೇವು ನೀರು ಆಗಿರಬೇಕು. ಗಬ್ಬದ ಕುದುರೆಗಳನ್ನೂ ಮರಿಗಳನ್ನೂ ಉಳಿದವುಗಳೊಂದಿಗೆ ಬೆರೆಸಬಾರದು. ಬ್ರಾಡ್‌ಗೇಜ್ ವ್ಯಾಗನ್ನಿಗೆ ಎಂಟರಿಂದ ಹತ್ತು ಕುದುರೆ, ಮೀಟರ್‌ಗೇಜಿಗೆ ಆರು. ಗದಗಿನ ಹಳಿ ನೂರು ವರ್ಷಕ್ಕೂ ಮೀರಿ ಮೀಟರ್‌ಗೇಜೇ ಆಗಿದ್ದರಿಂದ ಇಲ್ಲಿಗೆ ಅನ್ವಯಿಸುತ್ತಿದ್ದುದು ಆರರ ಮಿತಿ. ಲಾರಿಯಲ್ಲಾದರೆ ನಾಲ್ಕರಿಂದ ಆರು. ಪ್ರತಿ ಎರಡು ಕುದುರೆಗಳ ನಡುವೆ ಬಿದಿರಿನ ಗಳ, ಹಿಂದೆ ಬೀಳದಂತೆ ಗಟ್ಟಿ ಅಡ್ಡಪಟ್ಟಿ, ವೇಗ ಗಂಟೆಗೆ 35 ಕಿಲೋಮೀಟರ್ ಮೀರಬಾರದು. ಬೆದರದಿರಲೆಂದು ಅವುಗಳ ಮುಖವನ್ನು ಎಡಕ್ಕೆ, ಎದುರಿನಿಂದ ಬರುವ ವಾಹನಗಳಿಂದ ದೂರಕ್ಕೆ ತಿರುಗಿಸಿ ನಿಲ್ಲಿಸಬೇಕೆಂದೂ ನಿಯಮ ಹೇಳುತ್ತದೆ.