ಮದರ್‌ಬೋರ್ಡ್: ಅಳತೆ ಮತ್ತು ಹೊಂದಾಣಿಕೆಯ ಇತಿಹಾಸ

ಪ್ರೊಸೆಸರ್, ಮೆಮೊರಿ, ಡಿಸ್ಕ್ ಮೊದಲಾದ ಭಾಗಗಳೆಲ್ಲ ಬಂದು ಕೂಡುವ ಕಂಪ್ಯೂಟರಿನ ಮುಖ್ಯ ಸರ್ಕ್ಯೂಟ್ ಫಲಕವೇ ಮದರ್‌ಬೋರ್ಡ್. ಅದರ ಉದ್ದಗಲ, ಸ್ಕ್ರೂ ರಂಧ್ರಗಳ ಜಾಗ, ವಿದ್ಯುತ್ ಕನೆಕ್ಟರಿನ ಬಗೆ ಇವನ್ನು ಗೊತ್ತುಪಡಿಸುವ ಮಾನಕಕ್ಕೆ ಫಾರ್ಮ್ ಫ್ಯಾಕ್ಟರ್ ಎಂದು ಹೆಸರು.

1984ರ ಐಬಿಎಂ ಎಟಿ ಕಂಪ್ಯೂಟರಿನ ಬೋರ್ಡು ಸುಮಾರು 305 × 350 ಮಿ.ಮೀ. ಇತ್ತು. ಅದನ್ನೇ ಕಿರಿದಾಗಿಸಿದ ‘ಬೇಬಿ ಎಟಿ’ 1990ರ ದಶಕದ ನಡುವಿನವರೆಗೂ ಚಾಲ್ತಿಯಲ್ಲಿತ್ತು. ಎರಡರ ದೊಡ್ಡ ಕೊರತೆ ವಿದ್ಯುತ್ ಸಂಪರ್ಕದ್ದು: ಒಂದೇ ರೂಪದ ಎರಡು ಕನೆಕ್ಟರುಗಳನ್ನು ಕಪ್ಪು ತಂತಿಗಳು ಮಧ್ಯದಲ್ಲಿ ಒಟ್ಟಾಗಿ ಬರುವಂತೆ ಚುಚ್ಚಬೇಕಿತ್ತು. ಅದಲುಬದಲಾದರೆ ಬೋರ್ಡೇ ಸುಟ್ಟುಹೋಗಬಹುದಿತ್ತು. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ (305 × 244 ಮಿ.ಮೀ.) ತಿರುವುಮುರುವಾಗಿ ಕೂರದ ಒಂದೇ 20 ಪಿನ್ನಿನ ಕನೆಕ್ಟರ್ ತಂದಿತು, ಮುಂದೆ ಅದು 24 ಪಿನ್ನಿಗೆ ಬೆಳೆಯಿತು.

ಎಟಿಎಕ್ಸ್ ಇಂದಿಗೂ ಬಾಳಿರುವುದಕ್ಕೆ ಮುಖ್ಯ ಕಾರಣ ರಂಧ್ರಗಳ ಜಾಗ ಬದಲಾಗದಿದ್ದದ್ದು. 1997ರ ಮೈಕ್ರೊ ಎಟಿಎಕ್ಸ್ (244 × 244), ವಿಯಾ ಕಂಪನಿ 2001ರಲ್ಲಿ ತಂದ ಮಿನಿ ಐಟಿಎಕ್ಸ್ (170 × 170) ಎರಡೂ ಆ ರಂಧ್ರಗಳಲ್ಲಿ ಕೆಲವನ್ನೇ ಉಳಿಸಿಕೊಂಡವು. ಆದ್ದರಿಂದ ಚಿಕ್ಕ ಬೋರ್ಡು ದೊಡ್ಡ ಕ್ಯಾಬಿನೆಟ್ಟಿನಲ್ಲಿ ಸಲೀಸಾಗಿ ಕೂರುತ್ತದೆ. ದೊಡ್ಡದು ಚಿಕ್ಕದರಲ್ಲಿ ಹಿಡಿಸದು. ಬೋರ್ಡಿನ ರಂಧ್ರವಿಲ್ಲದ ಕಡೆ, ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಎತ್ತಿಹಿಡಿಯುವ ಹಿತ್ತಾಳೆ ಸ್ಟ್ಯಾಂಡಾಫ್ ಉಳಿದರೆ ಶಾರ್ಟ್ ಆಗುವ ಅಪಾಯವಿದೆ, ಅದನ್ನು ಮೊದಲೇ ತೆಗೆಯಬೇಕು. 2004ರಲ್ಲಿ ಇಂಟೆಲ್ ತಂದ ಬಿಟಿಎಕ್ಸ್ ಗಾಳಿಯ ಹರಿವಿಗೆ ಅನುಕೂಲವಾಗಿದ್ದರೂ ಹಳೆಯ ಕ್ಯಾಬಿನೆಟ್‌ಗಳಿಗೆ ಹೊಂದಲಿಲ್ಲ. ಎರಡೇ ವರ್ಷಗಳಲ್ಲಿ ಇಂಟೆಲ್ಲೇ ಅದರಿಂದ ಹಿಂದೆ ಸರಿಯಿತು.

ಅಳತೆ ಕೂಡಿದ ಮಾತ್ರಕ್ಕೆ ಹೊಂದಾಣಿಕೆ ಮುಗಿಯುವುದಿಲ್ಲ, ಪ್ರೊಸೆಸರ್ ಕೂರುವ ಸಾಕೆಟ್ಟೂ ಹೊಂದಬೇಕು. ಸಾಕೆಟ್ 7ರಲ್ಲಿ ಇಂಟೆಲ್, ಎಎಂಡಿ ಎರಡರ ಪ್ರೊಸೆಸರುಗಳೂ ಕೂರುತ್ತಿದ್ದವು. 1997ರಲ್ಲಿ ಇಂಟೆಲ್ ಸ್ಲಾಟ್ 1ಕ್ಕೆ ಹೊರಳಿದ ಮೇಲೆ ದಾರಿಗಳು ಬೇರೆಯಾದವು. ಸಾಕೆಟ್ಟಿನ ಹೆಸರನ್ನೂ ಪೂರ್ತಿ ನಂಬುವಂತಿಲ್ಲ. ಎಲ್‌ಜಿಎ 1151 ಎಂಬ ಅದೇ ಹೆಸರಿದ್ದರೂ, 2017ರ ಎಂಟನೆಯ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರಿಗೆ 300 ಸರಣಿಯ ಚಿಪ್‌ಸೆಟ್ಟೇ ಬೇಕಾಯಿತು. ಎಎಂಡಿಯ ಎಎಂ4 ಸಾಕೆಟ್ ಹಲವು ತಲೆಮಾರುಗಳ ಪ್ರೊಸೆಸರುಗಳನ್ನು ಹೊತ್ತಿತು, ಆದರೆ ಹಳೆಯ ಬೋರ್ಡಿನಲ್ಲಿ ಹೊಸ ಪ್ರೊಸೆಸರ್ ಹಾಕುವ ಮುನ್ನ ಬೋರ್ಡಿನ ಮೂಲ ತಂತ್ರಾಂಶವಾದ ಬಯಾಸನ್ನು ಅಪ್‌ಡೇಟ್ ಮಾಡಬೇಕಾಗುತ್ತಿತ್ತು. ಡಿಡಿಆರ್4, ಡಿಡಿಆರ್5 ಡೆಸ್ಕ್‌ಟಾಪ್ ಮೆಮೊರಿಗಳಿಗೆ ತಲಾ 288 ಪಿನ್. ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ.